ಬಚ್ಚಲಲ್ಲಿ ಗೆಂಡೆ, ನಡುಮನೆಯಲ್ಲಿ ತೊರಕೆ

ಓಸ್ತ್ರಾವಾ, ಡಿಸೆಂಬರ್ ೨೨

ನನ್ನ ಹಟಮಾರಿ ವಿಲೇಮ್,

ಸೊಂಟ ಹೇಗಿದೆ? ಆ ಚಿಕಿತ್ಸಾಲಯದಲ್ಲಿ ಬಿಸಿ ಕೆಸರು ಬಳಿದು ಮಲಗಿಸುತ್ತಾರಂತೆ, ಸುಮ್ಮನೆ ಮಲಗಿಕೋ. ನರ್ಸುಗಳ ಮುಂದೆ ಭಾರ ಎತ್ತಿ ತೋರಿಸಲು ಹೋಗಬೇಡ. ನಾನು ಚೆನ್ನಾಗಿದ್ದೇನೆ, ನನ್ನ ಸಿಟ್ಟೂ ಚೆನ್ನಾಗಿದೆ.

ಇನ್ನು ತಟ್ಟೆಯಂತೆ ಚಪ್ಪಟೆಯಾದ ನಿನ್ನ ತೊರಕೆ ಮೀನುಗಳ ಸುದ್ದಿ. ಹನ್ನೊಂದು ವರ್ಷದಿಂದ ಆ ಗಾಜಿನ ತೊಟ್ಟಿ ನಡುಮನೆಯನ್ನು ನುಂಗಿ ಕೂತಿದೆ, ಮರಿ ಹಾಕುತ್ತೆ ಹಾಕುತ್ತೆ ಅಂತ ನೀನು ಕಾದಿದ್ದೇ ಬಂತು, ಜನವರಿಯಲ್ಲಿ ಮೀನು ಸಾಕುವವರ ಸಂಘದವರು ಬಂದು ಎತ್ತಿಕೊಂಡು ಹೋಗಲಿ ಎಂದಿದ್ದೆ. ನೀನು ಆಗಲಿ ಎಂದು ತಲೆಯಾಡಿಸಿದೆ. ಆ ಮುಖ ಇನ್ನೂ ಕಣ್ಣ ಮುಂದೆಯೇ ಇದೆ.

ಹೋದ ವಾರ ಗಂಡು, ನಿನ್ನ ಆ ಪೋಲಿ, ಹೆಣ್ಣು ಹೆರ್ಮಿನಾಳ ರೆಕ್ಕೆಯ ಅಂಚು ಕಚ್ಚತೊಡಗಿದ. ಅವಳು ಊಟ ಬಿಟ್ಟಳು. ನೀನಿಲ್ಲದಾಗ ಅವಳು ಸತ್ತರೆ ನಿನಗೆ ಯಾವ ಮುಖ ತೋರಿಸಲಿ ಎಂದು ನನಗೆ ಜೀವ ಬಾಯಿಗೆ ಬಂತು. ನೀನು ಬರೆದಿಟ್ಟಂತೆಯೇ ಬಲೆ ಮುಟ್ಟದೆ, ಬಾಲದ ಮುಳ್ಳಿಗೆ ಕೈ ಕೊಡದೆ, ಪೋಲಿಯನ್ನು ಬೋಗುಣಿಯಲ್ಲಿ ಎತ್ತಿ ಬಚ್ಚಲಿನ ತೊಟ್ಟಿಗೆ ಬಿಟ್ಟೆ.

ನಿನ್ನೆ ಪಕ್ಕದ ಮನೆಯ ಬ್ಲಾಜೆನಾ ಬಂದಳು. ಅವಳ ಬಚ್ಚಲಲ್ಲಿ ತೊಟ್ಟಿಯಿಲ್ಲ. ಎರಡೂ ಮನೆಯ ಕ್ರಿಸ್‌ಮಸ್ ಊಟಕ್ಕೆ ಜೀವಂತ ತಂದ ಗೆಂಡೆ ಮೀನು ಹಬ್ಬದವರೆಗೆ ಈಜುವುದು ನಮ್ಮಲ್ಲೇ ತಾನೆ? ದೀಪವನ್ನೂ ಹಾಕದೆ ಚೀಲದಿಂದ ಗೆಂಡೆಯನ್ನು ದೊಪ್ಪನೆ ಸುರಿದಳು. ಆಮೇಲೆ ಕೇಳಬೇಕಿತ್ತು ಕಿರುಚಾಟ! "ಅಯ್ಯಯ್ಯೋ ಮಿಲಾದಾ, ನಿಮ್ ತೊಟ್ಟಿ ತಳಕ್ಕೆ ಕಣ್ಣು ಬಂದಿದೆ ಕಣೇ!" ಪೋಲಿ ತಳಕ್ಕಂಟಿಕೊಂಡು ಅವಳನ್ನೇ ನೋಡುತ್ತಿದ್ದ.

ಗೆಂಡೆಯನ್ನು ಹಿಡಿಯಲು ಬಲೆ ತರೋಣವೆಂದು ನಡುಮನೆಗೆ ಓಡಿದೆ. ವಿಲೇಮ್, ಹೆರ್ಮಿನಾಳ ಸುತ್ತ ಐದು ಮರಿ! ಅಂಗೈಯಗಲದ ರೊಟ್ಟಿಗಳ ಹಾಗೆ, ಅಂಚು ಕುಣಿಸಿಕೊಂಡು ಮರಳ ಮೇಲೆ ಓಡಾಡುತ್ತಿವೆ, ಬಾಲದ ತುದಿಯವರೆಗೂ ಚುಕ್ಕೆ. ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಬ್ಲಾಜೆನಾ ಒದ್ದೆ ತೋಳುಗಳಲ್ಲೇ ಬಂದು, "ಯಾರೇ ಸತ್ತಿದ್ದು?" ಎಂದಳು. "ಸತ್ತಿಲ್ಲ ಕಣೇ, ಹೆತ್ತಿದ್ದಾಳೆ!" ಎಂದೆ. ಗೆಂಡೆಯನ್ನು ಬಾಲ್ಕನಿಯ ಬಕೆಟ್ಟಿಗೆ ದಾಟಿಸಿ, ಅವಳ ಪ್ಲಮ್ ಬ್ರಾಂದಿಯಲ್ಲಿ ಒಂದೊಂದು ಗುಟುಕು ನಿನ್ನ ಹೆಸರಿನಲ್ಲಿ ಕುಡಿದೆವು. ಹೆರ್ಮಿನಾ ಸಂಜೆ ಏಳು ಸೀಗಡಿ ತಿಂದಳು.

ಫೋನಿನಲ್ಲಿ ಹೇಳಿದ್ದರೆ ನೀನು ಮೈಯ ಕೆಸರನ್ನೂ ತೊಳೆಯದೆ ರೈಲು ಹತ್ತುತ್ತಿದ್ದೆ; ಅದಕ್ಕೇ ಈ ಕಾಗದ. ಪೂರ್ತಿ ವಾಸಿ ಮಾಡಿಕೊಂಡೇ ಬಾ. ಬ್ಲಾಜೆನಾ ನಿನ್ನನ್ನು ಕೇಳಿದಳು, ಬೈದಳು ಕೂಡ.

ಏಳು ತೊರಕೆಗಳ ಮನೆಯಲ್ಲಿ ನಿನ್ನ ದಾರಿ ಕಾಯುವ,
ಮಿಲಾದಾ

ಮರೆತೆ ನೋಡು: ಸಂಘದವರಿಗೆ ಬರಬೇಡಿ ಅಂದೆ. ಮರಿಗಳಿಗೆ ಇನ್ನೊಂದು ತೊಟ್ಟಿ ಬೇಕಲ್ಲ, ಖಾಲಿ ಗೋಡೆಯೇ ಇರಲಿಲ್ಲ. ಸೋಫಾವನ್ನು ಬ್ಲಾಜೆನಾಳಿಗೆ ಕೊಟ್ಟುಬಿಟ್ಟೆ. ಬಂದ ಮೇಲೆ ನಿನಗೂ ನನಗೂ ಅಡುಗೆಮನೆಯ ಕುರ್ಚಿಯೇ ಗತಿ.