ಟ್ರೆಡ್‌ಮಿಲ್ ನಿಂತಾಗ

ವೇದಾ,

ಇವತ್ತು ಹೆಬ್ಬಾಳದ ಆಸ್ಪತ್ರೆಯಲ್ಲಿ ನನಗೆ ಸ್ಟ್ರೆಸ್ ಎಕೋ ಮಾಡಿದರು. ಬೆಳಗಿನಿಂದ ಕಾಫಿಯಿಲ್ಲ, ತಿಂಡಿಯಿಲ್ಲ. ನೀನು ವಾಕಿಂಗಿಗೆಂದು ಕೊಡಿಸಿದ್ದ ಶೂ ಹಾಕಿಕೊಂಡು ಹೋಗಿದ್ದೆ. ಮೊದಲು ಮಲಗಿಸಿ ಹೃದಯದ ಸ್ಕ್ಯಾನ್ ಮಾಡಿ, ಆಮೇಲೆ ಟ್ರೆಡ್‌ಮಿಲ್ ಹತ್ತಿಸಿದರು.

"ಎದೆ ನೋವು ಬಂದ್ರೆ ತಕ್ಷಣ ಹೇಳಿ ಸರ್, ತಡ್ಕೋಬೇಡಿ," ಎಂದಳು ಅಲ್ಲಿನ ಹುಡುಗಿ.

ಐದನೇ ನಿಮಿಷಕ್ಕೆ ಎದೆ ಹಿಡಿದಂತಾಯಿತು. ಹೇಳಿದೆ. ಅವಳು ಕೂಡಲೇ ಮಿಷನ್ ನಿಲ್ಲಿಸಿದಳು. ಎಡಮಗ್ಗುಲಿಗೆ ಮಲಗಿಸಿ ಮತ್ತೆ ಸ್ಕ್ಯಾನ್ ಮಾಡಿದರು.

ಯಲಹಂಕದ ಸ್ಕೈವಾಕ್ ಮೆಟ್ಟಿಲ ಮೇಲೆ ಕೂತುಬಿಟ್ಟು ನೀನು, "ರೀ, ಎದೆ ಹಿಡ್ಕೊಂಡಂಗಾಗ್ತಿದೆ," ಎನ್ನುತ್ತಿದ್ದೆ. ಮೂರು ತಿಂಗಳು ಹೀಗೇ ಹೇಳುತ್ತಲೇ ಇದ್ದೆ ನೀನು. "ಗ್ಯಾಸ್ ಕಣೇ, ಸೋಡಾ ಕುಡಿ," ಎನ್ನುತ್ತಿದ್ದೆ ನಾನು. ನೀನು ತೀರಿಕೊಂಡಾಗಲೂ ನಾನು ಅಂಗಡಿಯಲ್ಲಿ ನಿನಗೆಂದು ಸೋಡಾ ಕೇಳುತ್ತಾ ನಿಂತಿದ್ದೆ.

ಆ ಹುಡುಗಿಗೆ ನಾನು ಹೇಳಿದ್ದು ಒಂದೇ ಸಲ, ವೇದಾ.