ಅಜೀಜಾಳ ಪ್ಲೇಟಿಗೆ ಊದಿದ ದುವಾ

ಶಿಡ್ಲಘಟ್ಟ
ಜುಲೈ 4, 1993. ಭಾನುವಾರ

ಇವತ್ತೂ ಅಣಬೆ ಬೆಳೆಸುವ ಪಾಕಕ್ಕೆ ಆಲೂಗಡ್ಡೆ ಬೇಯಿಸಿ ನೀರು ಸೋಸಿದೆ. ಗ್ಲೂಕೋಸ್ ಹಾಕಿ, ಪಾಕ ಹೆಪ್ಪುಗಟ್ಟಲು ಅಗರ್ ಪುಡಿ ಉದುರಿಸಿದೆ. ಗಂಟಾಯಿತು. ಮತ್ತೆ ಕದಡಿದೆ. ಗಾಜಿನ ಪ್ಲೇಟುಗಳ ಜೊತೆ ಕುಕ್ಕರಿಗೆ. ವಿಶಲ್ ಕೂಗುವಾಗ ಅಜೀಜಾ ಬಂದು ನಿಂತಳು. "ಭಾಬಿ, ನಂಗೂ ತೋರ್ಸಿಕೊಡಿ." ಒಳಗಿನಿಂದ ಅತ್ತೆ — "ತೋರ್ಸಮ್ಮ ಷಮೀಮ್, ಚಿಕ್ಕೋಳು ಕೇಳ್ತವ್ಳೆ."

ಅಣಬೆ ಟ್ರೈನಿಂಗಿಗೆ ಬೆಂಗಳೂರಿಗೆ ಬಸ್ಸಿನಲ್ಲಿ ನಿಂತು ಹೋದವಳು ನಾನು. ಇವಳು ಮೈದುನನ ಹೆಂಡತಿ, ಚಿಂತಾಮಣಿಯಿಂದ ಬಂದು ಇನ್ನೂ ಮೆಹಂದಿ ಮಾಸಿಲ್ಲ. ತೋರಿಸಿದೆ. ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ... ಸ್ಪಿರಿಟ್ ಲ್ಯಾಂಪಿನ ಪಕ್ಕ ಅದೇನು ನಾಜೂಕು ಸುರಿಯುವುದರಲ್ಲಿ! ನನ್ನ ಪ್ಲೇಟಿನಲ್ಲಿ ಗುಳ್ಳೆ. ಅವಳದು ಕನ್ನಡಿ.

ಸಂಜೆ

ಹಿತ್ತಲಿನ ರೀಲಿಂಗ್ ರೂಮು. ರೇಷ್ಮೆ ನೂಲು ತೆಗೆಯುವುದು ನಿಂತ ಮೇಲೆ ಖಾಲಿ ಬಿದ್ದಿದೆ. ಅಣಬೆ ಬೆಳೆಯಲು ಕೊಡಿ ಅಂತ ನಾನು ಕೇಳಿದ್ದೆ. ಅತ್ತೆಯ ತೀರ್ಪು — "ಇಬ್ರೂ ಮಾಡ್ತಿದೀರಲ್ಲ. ಯಾರ ಪ್ಲೇಟ್ ಚೆನ್ನಾಗಿ ಬರ್ತದೋ ಅವ್ರಿಗೆ ಬೀಗದ ಕೈ."

ಕೇಳಿದವಳು ನಾನು! ಈ ಮನೆಯಲ್ಲಿ ನನ್ನದು ಅಂತ ಇರುವುದು ಒಂದು ಟ್ರಂಕು. ಆ ರೂಮು ಅವಳಿಗೆ ಬಿಡುವುದಿಲ್ಲ.

ಜುಲೈ 5

ಅಣಬೆ ಸೀಳಿ, ಒಳಗಿನ ಚೂರನ್ನು ಚಿಮಟದಲ್ಲಿ ಪ್ಲೇಟಿನ ನಡುವೆ ಇಟ್ಟಾಯಿತು. ನನ್ನವು, ಅವಳವು. ಇನ್ನು ಮುಚ್ಚಳ ತೆಗೆಯುವ ಹಾಗಿಲ್ಲ. ಟ್ರೈನಿಂಗ್ ಮೇಡಂ ಎಷ್ಟು ಸಲ ಹೇಳಿದ್ದರು — "ಮೇಲೆ ಉಸಿರೂ ಬಿಡ್ಬೇಡಿ, ಬೂಷ್ಟು ಹಿಡಿಯತ್ತೆ." ಅಜೀಜಾಗೂ ಹೇಳಿದೆ. ಅತ್ತೆಗೆ ಹೇಳಲಿಲ್ಲ. ಅವರು ಯಾಕೆ ಮುಟ್ಟುತ್ತಾರೆ?

ಜುಲೈ 8. ಗುರುವಾರ, ಸಂಜೆ

ನಮಾಜ್ ಮುಗಿಸಿದ ಅತ್ತೆ ನೇರ ಪ್ಲೇಟುಗಳಿದ್ದ ಕಪಾಟಿನ ಹತ್ತಿರ ಬಂದರು. ಅಜೀಜಾಳ ಪ್ಲೇಟಿನ ಮುಚ್ಚಳ ಎತ್ತಿದರು. ತುಟಿಯಲ್ಲೇ ದುವಾ ಓದಿ, ಉಫ್ ಅಂತ ಊದಿದರು. ಬರಕತ್ ಬರಲಿ, ಹುಲುಸಾಗಲಿ ಅಂತ. ಒಂದೊಂದು ಪ್ಲೇಟಿಗೂ. ನನ್ನವು ಪಕ್ಕದಲ್ಲೇ ಇದ್ದವು. ಕಣ್ಣೆತ್ತಿಯೂ ನೋಡಲಿಲ್ಲ.

ಹೊಟ್ಟೆ ಉರಿಯಿತು. ಬರೆಯುವಾಗಲೂ ಉರಿಯುತ್ತಿದೆ. ನನಗೆ ಜ್ವರ ಬಂದರೆ ಮಾತ್ರೆ. ಅವಳಿಗೆ ತಲೆನೋವು ಬಂದರೆ ಹಣೆ ಮೇಲೆ ಕೈಯಿಟ್ಟು ದುವಾ!

ಊದಿದರೆ ಕೆಡುತ್ತದೆ. ಗೊತ್ತು. ಆಗಲೇ ತಡೆಯಬಹುದಿತ್ತು... ಬಾಯಿ ಬಿಡಲಿಲ್ಲ.

ಜುಲೈ 12

ಅವಳ ಪ್ಲೇಟುಗಳೆಲ್ಲ ಹಸಿರು ಬೂಷ್ಟು. ನನ್ನವು ಹಿಂಜಿದ ಹತ್ತಿಯ ಹಾಗೆ ಬೆಳ್ಳಗೆ. ಗೆದ್ದೆ.

ಅಜೀಜಾ ಬಿಕ್ಕಿ ಬಿಕ್ಕಿ ಅತ್ತಳು. "ಯಾರ್ದೋ ನಜರ್ ಬಿತ್ತು ಕಣಮ್ಮ," ಅಂದ ಅತ್ತೆ ನನ್ನ ಕಡೆ ನೋಡಿದರು. ಕೆಟ್ಟ ಕಣ್ಣಲ್ಲ, ನಿಮ್ಮ ಉಸಿರು — ನಾಲಿಗೆ ತುದಿಯವರೆಗೂ ಬಂತು. ಊಟಕ್ಕೆ ಕೂತಾಗ ತುತ್ತು ಮಾಡಿ ಅವಳ ಬಾಯಿಗೆ ಇಟ್ಟರು. ಅಷ್ಟುದ್ದದ ಹೆಂಗಸಿಗೆ! ನನ್ನ ತಟ್ಟೆಯಲ್ಲಿ ಸಾರು ಮುಗಿದಿತ್ತು. ಯಾರೂ ನೋಡಲಿಲ್ಲ.

ಜುಲೈ 14

ಬೀಗದ ಕೈ ಸಿಕ್ಕಿತು. ಅತ್ತೆ ಕಿಟಕಿ ಮೇಲಿಟ್ಟು, "ತಗೋ. ಬೆಳೆ ಬರ್ಲಿಲ್ಲ ಅಂದ್ರೆ ವಾಪಸ್ ಕೊಡ್ಬೇಕು," ಅಂದರು. ಅಷ್ಟೇ. ನಮ್ಮ ಯಜಮಾನರು — "ಕೇಳಿದ್ದು ಸಿಕ್ತಲ್ಲ, ಇನ್ಯಾಕೆ ಮುಖ ಊದಿಸ್ಕೊಂಡಿದೀಯ?"

ರೂಮು ಗುಡಿಸಿದೆ. ಆಚೆ ಅತ್ತೆ ಅಜೀಜಾಳ ತಲೆಗೆ ಎಣ್ಣೆ ಹಚ್ಚುತ್ತಾ ನಗುತ್ತಿದ್ದರು. ಪೊರಕೆ ಹಿಡಿದು ಕೇಳುತ್ತಾ ನಿಂತೆ.

ಜುಲೈ 15. ಗುರುವಾರ, ಸಂಜೆ

ಅಜೀಜಾ ತವರಿಗೆ ಹೋಗಿದ್ದಾಳೆ. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಪ್ಲೇಟು ಅಂಚಿನವರೆಗೂ ತುಂಬಿದೆ. ನಾಳೆ ಬೇಯಿಸಿದ ಜೋಳಕ್ಕೆ ಹಾಕಿದರೆ ಅಣಬೆ ಬೀಜ. ಇದು ಕೆಟ್ಟರೆ ಬೆಳೆ ಇಲ್ಲ, ರೂಮೂ ಇಲ್ಲ.

ಅತ್ತೆ ನಮಾಜ್ ಮುಗಿಸಿ ಜಾನಮಾಜ್ ಚಾಪೆ ಮಡಿಸುತ್ತಿದ್ದರು. ಇದ್ದ ಪ್ಲೇಟನ್ನೆಲ್ಲ ಟ್ರೇನಲ್ಲಿ ಎತ್ತಿಕೊಂಡು ಮುಂದೆ ಹೋಗಿ ನಿಂತೆ. ನಾನೇ ಮುಚ್ಚಳ ತೆಗೆದೆ.

"ಅತ್ತೆ, ಇದಕ್ಕೂ ಊದಿ."

"ಊದಿದ್ರೆ ಕೆಟ್ಟೋಗ್ತದಂತಲ್ಲೇ? ಅಜೀಜಾ ಅಂದ್ಳು."

"ಕೆಟ್ರೆ ಕೆಡ್ಲಿ."

ಜಾನಮಾಜ್ ಪಕ್ಕಕ್ಕಿಟ್ಟು ನನ್ನ ಮುಖ ನೋಡಿದರು. ಆಮೇಲೆ ಬಗ್ಗಿದರು. ತುಟಿ ಅಲ್ಲಾಡಿತು. ಬಿಸಿ ಉಸಿರು ನನ್ನ ಬೆರಳಿಗೂ ತಾಕಿತು.