ಎತ್ತಿ ಕುಡಿದ ನೀರು

ಅಜ್ಜೀ, ಇಲ್ಲಿಂದಲೇ ನಿನ್ನ ಕಾಲು ಮುಟ್ಟಿದೆ ಎಂದುಕೋ.

ಈ ಬೇಸಿಗೆ ಕೋರ್ಸಿನಲ್ಲಿ ನಾವು ಹನ್ನೊಂದು ಜನ, ಏಳು ದೇಶದವರು. ನಿನ್ನೆ ಮೇಷ್ಟ್ರು ನದಿಯ ದಂಡೆ ಅಳೆಯಲು ಕರೆದೊಯ್ದರು. ಮಧ್ಯಾಹ್ನಕ್ಕೆ ಎಲ್ಲರ ನೀರೂ ಖಾಲಿ, ಉಳಿದದ್ದು ನನ್ನ ಬಾಟಲಿ ಒಂದೇ. ತುಟಿ ತಾಗಿಸದೆ ಎತ್ತಿ ಕುಡಿದು ಪಕ್ಕದವಳಿಗೆ ಕೊಟ್ಟೆ. ಅವಳೂ ಹಾಗೇ ಎತ್ತಿದಳು, ನೀರೆಲ್ಲ ಮೂಗಿಗೆ. ಆಮೇಲೆ ಒಬ್ಬೊಬ್ಬರೂ ಹಟಕ್ಕೆ ಬಿದ್ದರು. ಕೊನೆಗೆ ಮೇಷ್ಟ್ರ ಅಂಗಿಯೂ ತೊಯ್ದು ತೊಪ್ಪೆಯಾಯಿತು.

"ಇದನ್ನ ನಿಂಗೆ ಯಾರಮ್ಮ ಕಲಿಸಿದ್ದು?" ಎಂದರು.

"ನಮ್ಮಜ್ಜಿ. ಲೋಟ ಕಚ್ಚಿ ಕುಡಿದ್ರೆ ತಲೆ ಮೇಲೆ ಮೊಟಕ್ತಾಳೆ" ಎಂದೆ.

ಎಲ್ಲರೂ ನಕ್ಕರು. ನನಗೆ ಮಾತ್ರ ನಲ್ಲಿಕಟ್ಟೆಯ ಮೇಲೆ ನನ್ನನ್ನು ಕೂರಿಸಿ, ಲಂಗ ಒದ್ದೆಯಾದಷ್ಟೂ ಮತ್ತೆ ಲೋಟ ತುಂಬಿ ಕೊಡುತ್ತಿದ್ದ ನಿನ್ನ ಬಲಗೈ ನೆನಪಾಯಿತು.

ನೀನು ಬಿದ್ದ ಮೇಲೆ ಆ ಕೈ ಎದೆಮಟ್ಟಕ್ಕಿಂತ ಮೇಲೇಳುವುದಿಲ್ಲ. ನಾನು ಹೊರಡುವ ದಿನದವರೆಗೂ ನಾನೇ ಎತ್ತಿ ನಿನ್ನ ಬಾಯಿಗೆ ಹುಯ್ಯುತ್ತಿದ್ದೆ. ಅಮ್ಮ ಹುಯ್ದರೆ ಮೂಗಿಗೆ ಹೋಗುತ್ತದೆಂದು ನೀನೀಗ ನೀರು ಕುಡಿಯುವುದನ್ನೇ ಬಿಟ್ಟಿದ್ದೀಯಂತೆ. ಡಾಕ್ಟರು ದಿನಕ್ಕೆ ಎಂಟು ಲೋಟ ಎಂದಿದ್ದಾರೆ, ಮರೆಯಬೇಡ.

ಕಾರ್ಡು ತುಂಬಿತು, ಇದೊಂದು ಹೇಳಿಬಿಡುತ್ತೇನೆ. ನನ್ನ ಸಣ್ಣ ಸ್ಟೀಲ್ ಲೋಟ ಅಡುಗೆಮನೆ ಕಿಟಕಿಯಲ್ಲಿದೆ. ತಲೆ ಬಗ್ಗಿಸಿ, ಅದನ್ನು ಕಚ್ಚಿಯೇ ಕುಡಿ. ನಾನು ಅರ್ಧ ಕಡಿದು ಬಿಟ್ಟ ಮಾವಿನ ಹೋಳನ್ನೆಲ್ಲ ತಿಂದು ಮುಗಿಸುತ್ತಿದ್ದವಳು ನೀನು. ನನ್ನ ಎಂಜಲು ನಿನಗೆ ಯಾವತ್ತು ಎಂಜಲಾಗಿತ್ತು?

ನಿನ್ನ ಮೊಮ್ಮಗಳು